ಪಾಸ್‌ಪೋರ್ಟ್ ನೋಡಿ ಜೇಬು ಅಳೆಯುವ ಲೆಕ್ಕ

ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಟಿಕೆಟ್ ಕೌಂಟರಿನಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ನೆರೆಹೊರೆಯ ಒಕ್ಕೂಟಗಳಾದ ಸಾರ್ಕ್, ಬಿಮ್‌ಸ್ಟೆಕ್‌ಗಳ ದೇಶದವರಿಗೂ ನಮ್ಮ ದರವೇ. ಹೀಗಾಗಿ ಬ್ಯಾಂಕಾಕಿನ ಉದ್ಯಮಿ ನಲವತ್ತು ಕೊಟ್ಟು ಒಳಗೆ ನಡೆದರೆ, ಬ್ರೆಜಿಲ್‌ನ ವಿದ್ಯಾರ್ಥಿನಿ ಆರುನೂರು ತೆರಬೇಕು. ನಮ್ಮ ತೆರಿಗೆಯಲ್ಲಿ ನಡೆಯುವ ಸ್ಮಾರಕಕ್ಕೆ ನಮಗೆ ರಿಯಾಯಿತಿ ಇರಲಿ, ತಕರಾರಿಲ್ಲ. ಆದರೆ ದೂರದವನ ಜೇಬು ದಪ್ಪ, ನೆರೆಯವನದು ತೆಳು ಎಂಬ ಊಹೆ ಈ ದರಪಟ್ಟಿಯಾಚೆಗೂ ನಮ್ಮ ಪ್ರವಾಸೋದ್ಯಮದ ತಲೆಯಲ್ಲಿ ಕೂತಿದೆ. ಅದು ಪೊಳ್ಳು.

2023ರಲ್ಲಿ ಭಾರತಕ್ಕೆ ಬಂದ ವಿದೇಶಿಯರಲ್ಲಿ ಬಾಂಗ್ಲಾದೇಶದವರೇ ಎಲ್ಲರಿಗಿಂತ ಹೆಚ್ಚು. ಪ್ರವಾಸೋದ್ಯಮದ ಜಾಹೀರಾತಿನ ಚಿತ್ರಗಳಲ್ಲಿ ಅವರು ಕಾಣುವುದಿಲ್ಲ. ಬೆಂಗಳೂರಿನ ಬೊಮ್ಮಸಂದ್ರವನ್ನು ಆಗ ನೋಡಬೇಕಿತ್ತು: ಹೃದಯದ ಶಸ್ತ್ರಚಿಕಿತ್ಸೆಗೆ ಬಾಂಗ್ಲಾದೇಶದಿಂದ ಬಂದ ಒಬ್ಬ ರೋಗಿಯ ಜೊತೆ ಇಬ್ಬರು ಮೂವರು ನೆಂಟರು, ವಾರಗಟ್ಟಲೆ ಬಾಡಿಗೆ ಕೋಣೆ, ಅಲ್ಲೇ ಅಡುಗೆ, ಬಂಗಾಳಿ ಬೋರ್ಡಿನ ಮೀನೂಟದ ಹೋಟೆಲು, ಔಷಧದಂಗಡಿ. ಈ ಖರ್ಚಿನ ಮುಂದೆ ಐದು ದಿನದ ಟೂರ್ ಪ್ಯಾಕೇಜ್ ಏನೂ ಅಲ್ಲ. 2024ರ ಆಗಸ್ಟಿನಲ್ಲಿ ಢಾಕಾ ಸರ್ಕಾರ ಬಿದ್ದು, ಭಾರತ ವೀಸಾ ಬಿಗಿ ಮಾಡಿದಾಗ ಕೋಲ್ಕತ್ತದ ನ್ಯೂ ಮಾರ್ಕೆಟ್, ಮಾರ್ಕ್ವಿಸ್ ಸ್ಟ್ರೀಟಿನ ವ್ಯಾಪಾರ ಕುಸಿಯಿತು. ನಲವತ್ತು ರೂಪಾಯಿ ಟಿಕೆಟ್ಟಿನ ಗಿರಾಕಿಯ ಬೆಲೆ ಆಗ ಗೊತ್ತಾಯಿತು.

2023ರ ಆ ಪಟ್ಟಿಯಲ್ಲಿ ಎರಡನೆಯದು ಅಮೆರಿಕ. ಆ ‘ಅಮೆರಿಕನ್ನರಲ್ಲಿ’ ನಮ್ಮವರು ಎಷ್ಟೋ ಮಂದಿ! ನ್ಯೂಜೆರ್ಸಿಯ ಕನ್ನಡತಿ ಮಕ್ಕಳೊಡನೆ ಬಂದು ಉಳಿಯುವುದು ಮಲ್ಲೇಶ್ವರದ ಅಮ್ಮನ ಮನೆಯಲ್ಲಿ; ಹೋಟೆಲಿಗೆ ಅವಳಿಂದ ಬಿಡಿಗಾಸಿಲ್ಲ. ದುಡ್ಡೆಲ್ಲ ರೇಷ್ಮೆ ಸೀರೆಗೆ, ಚಿನ್ನಕ್ಕೆ, ಹಲ್ಲಿನ ಡಾಕ್ಟರಿಗೆ, ಮಗಳ ರಂಗಪ್ರವೇಶದ ಸಭಾಂಗಣಕ್ಕೆ, ಪಕ್ಕವಾದ್ಯದವರಿಗೆ. ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೆ ಹಂಪಿಯಲ್ಲೂ ಅವಳಿಗೆ 40 ರೂಪಾಯಿಯೇ.

ಇನ್ನು ಹಂಪಿಯೆದುರು, ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆ. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬರುವ ಇಸ್ರೇಲಿ ಹುಡುಗ ಹುಡುಗಿಯರು ಅಲ್ಲಿನ ಗುಡಿಸಲುಗಳಲ್ಲಿ ವಾರಗಟ್ಟಲೆ ಬಿದ್ದಿರುತ್ತಿದ್ದರು. ಹೀಬ್ರೂ ಬೋರ್ಡುಗಳೂ ಎದ್ದಿದ್ದವು. ದಿನದ ಖರ್ಚಿನಲ್ಲಿ ಮಹಾ ಜುಗ್ಗರು, ನಿಜ. ಆದರೆ ಆ ಕಾಸು ದೋಣಿಯವನಿಗೆ, ಬೈಕ್ ಬಾಡಿಗೆಯವನಿಗೆ, ಗುಡಿಸಲಿನ ಮಾಲೀಕನಿಗೆ ನೇರವಾಗಿ ಸೇರುತ್ತಿತ್ತು. ಯುರೋಪಿನ ತಂಡಗಳು ಖರ್ಚು ಮಾಡುವುದು ಹೆಚ್ಚು, ಆದರೆ ಅದರ ದೊಡ್ಡ ಪಾಲು ಪ್ಯಾಕೇಜಿನ ರೂಪದಲ್ಲಿ ಅವರ ಊರಲ್ಲೇ ಕಟ್ಟಿಯಾಗಿರುತ್ತದೆ. ಗಡ್ಡೆಯ ಕಟ್ಟಡಗಳು ಅನಧಿಕೃತವೆಂಬ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ 2020ರ ಮಾರ್ಚಿನಲ್ಲಿ ಅವನ್ನು ಕೆಡವಿದರು. ಕಾನೂನಿನ ದೃಷ್ಟಿಯಿಂದ ಸರಿಯೇ; ಆ ಗಿರಾಕಿಗೆ ಬದಲಿ ಜಾಗದ ಬಗ್ಗೆ ಮಾತ್ರ ಯಾರೂ ಯೋಚಿಸಲಿಲ್ಲ.

ಮೂಲದೇಶಕ್ಕೂ ಖರ್ಚಿಗೂ ನಂಟಿದೆ, ಅಲ್ಲಗಳೆಯುವಂತಿಲ್ಲ. ವಿಮಾನಕ್ಕೆ ಲಕ್ಷ ಸುರಿದವನು ಎರಡೇ ದಿನಕ್ಕೆ ಹಿಂತಿರುಗುವುದಿಲ್ಲ. ಆದರೆ ಆ ನಂಟು ಹಾದುಹೋಗುವುದು ಬಂದ ಕಾರಣ, ಉಳಿದ ರಾತ್ರಿ, ಇಲ್ಲಿನ ನೆಂಟಸ್ತಿಕೆಗಳ ಮೂಲಕ. ಪಾಸ್‌ಪೋರ್ಟಿನ ಬಣ್ಣ ಇದ್ಯಾವುದನ್ನೂ ಹೇಳುವುದಿಲ್ಲ. ಪ್ರವಾಸೋದ್ಯಮ ಇಲಾಖೆ ತಲೆ ಎಣಿಸಿದ್ದು ಸಾಕು. ಯಾವ ದೇಶದವರು ಯಾವ ಊರಲ್ಲಿ ಎಷ್ಟು ರಾತ್ರಿ ತಂಗಿದರು ಎಂಬ ಪಟ್ಟಿಯನ್ನೂ ಹೊರತರಲಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಹೋಟೆಲು, ಹೋಂಸ್ಟೇಗಳೆಲ್ಲ ಅವರ ವಿವರವನ್ನು ಸರ್ಕಾರಕ್ಕೆ ಕೊಡಲೇಬೇಕು. ಮಾಹಿತಿ ಸರ್ಕಾರದ ಕೈಯಲ್ಲೇ ಇದೆ.