ವಾಲ್ಟ್‌ವಾರ್ಡನ್ ಬ್ಯಾಕಪ್: ಪ್ರತಿಯೂ ಮರುಸ್ಥಾಪನೆಯೂ

ಪಾಸ್‌ವರ್ಡ್‌ಗಳನ್ನು ಅನ್ಯರ ಸರ್ವರ್‌ಗೆ ಒಪ್ಪಿಸದೆ ಮನೆಯ ಅಥವಾ ಕಚೇರಿಯ ಸ್ವಂತ ಯಂತ್ರದಲ್ಲಿಯೇ ಇಟ್ಟುಕೊಳ್ಳಬಯಸುವವರು ಹೆಚ್ಚಾಗಿ ಆರಿಸಿಕೊಳ್ಳುವ ವಾಲ್ಟ್‌ವಾರ್ಡನ್, ಬಿಟ್‌ವಾರ್ಡನ್‌ನ ಆ್ಯಪ್‌ಗಳೊಂದಿಗೆ ಹೊಂದಿಕೊಳ್ಳುವ, ಸಣ್ಣ ಕಂಪ್ಯೂಟರಿನಲ್ಲಿಯೂ ಸರಾಗವಾಗಿ ನಡೆಯುವ ಮುಕ್ತ ತಂತ್ರಾಂಶವಾಗಿದೆ. ಇದರ ರಚನೆ ಮೆಚ್ಚತಕ್ಕದ್ದು; ಆದರೆ ಬಳಕೆದಾರರಲ್ಲಿ ರೂಢಿಯಾಗಿರುವ ಬ್ಯಾಕಪ್ ಕ್ರಮ, ಅಂದರೆ ಡೇಟಾ ಫೋಲ್ಡರನ್ನು ರಾತ್ರಿ ಹಾಗೆಯೇ ನಕಲಿಸಿ ಸುಮ್ಮನಾಗುವುದು, ಅಷ್ಟು ಮೆಚ್ಚುವಂಥದ್ದಲ್ಲ.

ದೋಷ ಮೊದಲು ಕಾಣುವುದು ಡೇಟಾಬೇಸ್‌ನಲ್ಲಿ. ಎಸ್‌ಕ್ಯೂಲೈಟ್ ಎಂಬ, ವಾಲ್ಟ್‌ವಾರ್ಡನ್ ಸಾಮಾನ್ಯವಾಗಿ ಬಳಸುವ ಏಕಕಡತದ ಡೇಟಾಬೇಸ್ ಹೊಸ ಬದಲಾವಣೆಗಳನ್ನು ಮೊದಲು ಪಕ್ಕದ 'ವಾಲ್' ಕಡತದಲ್ಲಿ ಬರೆದುಕೊಂಡು ಅನಂತರ ಮೂಲ ಕಡತಕ್ಕೆ ಸೇರಿಸುವುದರಿಂದ, ಸರ್ವರ್ ನಡೆಯುತ್ತಿರುವಾಗ ಫೋಲ್ಡರನ್ನು ಹಾಗೆಯೇ ನಕಲಿಸಿದರೆ ಇತ್ತೀಚಿನ ಪಾಸ್‌ವರ್ಡ್‌ಗಳು ತಪ್ಪಿಹೋಗಬಹುದು, ಕೆಲವೊಮ್ಮೆ ಪ್ರತಿಯೇ ಕೆಟ್ಟಿರಬಹುದು. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆಯನ್ನು ಬಳಸುವುದು, ಇಲ್ಲವೇ ಸರ್ವರನ್ನು ಕ್ಷಣಕಾಲ ನಿಲ್ಲಿಸಿ ನಕಲಿಸುವುದು ಸರಿಯಾದ ಮಾರ್ಗ. ಲಗತ್ತುಗಳು ಡೇಟಾಬೇಸ್‌ನ ಹೊರಗೆ ಬೇರೆ ಫೋಲ್ಡರ್‌ನಲ್ಲಿರುವುದರಿಂದ ಅವನ್ನೂ ಜೊತೆಗೆ ಒಯ್ಯಬೇಕು.

ಇದಕ್ಕಿಂತ ಗಂಭೀರವಾದುದು ಪ್ರತಿಯನ್ನು ಇಡುವ ಸ್ಥಳದ ಪ್ರಶ್ನೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆಡೆ ಎಂಬ ಪ್ರಸಿದ್ಧ ನಿಯಮವು 'ಬೇರೆಡೆ' ಎಷ್ಟು ದೂರ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಸರ್ವರ್ ಗೋಕಾಕದಲ್ಲಿದೆ ಎಂದುಕೊಳ್ಳಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದಂತಹ ಪ್ರವಾಹದಲ್ಲಿ, ಅದೇ ಓಣಿಯ ಇನ್ನೊಂದು ಮನೆಯಲ್ಲಿಟ್ಟ ಹಾರ್ಡ್‌ಡಿಸ್ಕ್ ನೆರವಿಗೆ ಬರಲಾರದು. ಕೆಳಹರಿವಿನ ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳೂ ಅದೇ ನೀರಿಗೆ ಈಡಾಗುವುದರಿಂದ ಅಲ್ಲಿಟ್ಟ ಪ್ರತಿ ಹೆಸರಿಗಷ್ಟೇ ಬೇರೆಡೆಯದು. ಘಟಪ್ರಭೆಯ ದಂಡೆಯ ಮೇಲಿಲ್ಲದ ಹುಕ್ಕೇರಿ ಪಟ್ಟಣ ಈ ದೃಷ್ಟಿಯಿಂದ ಮೇಲು. ವಿದ್ಯುತ್ ವಿತರಣೆಯೂ ಅಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಕೈಯಲ್ಲಿರುವುದರಿಂದ, ಗೋಕಾಕದ ಸ್ಥಳೀಯ ತಂತಿಜಾಲ ಕಡಿದುಬಿದ್ದರೂ ಅಲ್ಲಿನ ಯಂತ್ರ ನಡೆಯುವ ಸಂಭವ ಹೆಚ್ಚು.

ಹೊರಗೆ ಕಳುಹಿಸುವ ಪ್ರತಿಯನ್ನು ಗೂಢಲಿಪೀಕರಿಸುವುದು, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾರ್ಪಡಿಸುವುದು ಅವಶ್ಯ. ವಾಲ್ಟ್‌ನಲ್ಲಿ, ಅಂದರೆ ಪಾಸ್‌ವರ್ಡ್ ಭಂಡಾರದಲ್ಲಿ, ಪಾಸ್‌ವರ್ಡ್‌ಗಳು ಮೊದಲೇ ಗೂಢವಾಗಿದ್ದರೂ ಬಳಕೆದಾರರ ಇಮೇಲ್ ವಿಳಾಸದಂತಹ ವಿವರಗಳು ಹಾಗಿರುವುದಿಲ್ಲ. ಆದರೆ ಆ ಕೀಲಿಯನ್ನು ವಾಲ್ಟ್‌ನಲ್ಲಿ ಮಾತ್ರ ಇಟ್ಟವನು ವಾಲ್ಟ್ ನಾಶವಾದ ದಿನ ಪ್ರತಿಯನ್ನು ತೆರೆಯಲಾರ. ಅದನ್ನೂ ಮುಖ್ಯ ಪಾಸ್‌ವರ್ಡನ್ನೂ ಕಾಗದದ ಮೇಲೆ ಬರೆದು ಬೇರೊಂದೂರಿನ ಬ್ಯಾಂಕ್ ಲಾಕರಿನಲ್ಲಿಡುವ ಹಳೆಯ ಕ್ರಮವೇ ಇಲ್ಲಿ ಶ್ರೇಷ್ಠ. ಇಷ್ಟಾದರೂ, ಹುಕ್ಕೇರಿಯ ಪ್ರತಿಯಿಂದ ಗೋಕಾಕದ ನೆರವಿಲ್ಲದೆ ಹೊಸ ಯಂತ್ರದಲ್ಲಿ ಸರ್ವರನ್ನು ಎಬ್ಬಿಸಿ, ಒಂದು ಪಾಸ್‌ವರ್ಡನ್ನೂ ಒಂದು ಲಗತ್ತನ್ನೂ ತೆರೆದು ನೋಡುವವರೆಗೆ ಆ ಪ್ರತಿಯನ್ನು ಬ್ಯಾಕಪ್ ಎಂದು ಎಣಿಸಲಾಗದು.