ಕುಣಿಕೆಯ ಸೊಗಸು

ದನ ಕಟ್ಟುವ ಕಣ್ಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹಗ್ಗ ಒಂದೇ, ತುದಿ ಎರಡು, ಸ್ವಭಾವವೂ ಎರಡು. ಕೊರಳ ಕಡೆಯ ಕುಣಿಕೆ ಎತ್ತು ಎಷ್ಟೇ ಜಗ್ಗಿದರೂ ಕೂದಲೆಳೆಯಷ್ಟೂ ಕಿರಿದಾಗಕೂಡದು. ಗೂಟದ ಕಡೆಯ ಜೀರುಗುಣಿಕೆ ಜಗ್ಗಿದಷ್ಟೂ ಬಿಗಿಯಬೇಕು. ಹಾಗೆಂದು ಕೊಟ್ಟಿಗೆಗೆ ಕಿಚ್ಚು ಬಿದ್ದ ಗಳಿಗೆಯಲ್ಲಿ ಸತಾಯಿಸಬಾರದು, ಹಗ್ಗದ ಬಾಲ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆಯ ಹಿರಿಯ ರೈತರೊಬ್ಬರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು: “ಕೊಳ್ಳಾಗಿನ ಗಂಟು ಬಿಗೀಬಾರ್ದು, ಗೂಟದ್ದು ಹಟ ಹಿಡೀಬಾರ್ದು ನೋಡ್ರಿ.”

ಆ ಕೊರಳ ಗಂಟಿನ ಮೇಲೆ ನನಗೆ ವಿಶೇಷ ಮೋಹ. ಹಡಗಿನವರು ಅದನ್ನು ಬೋಲೈನ್ ಎನ್ನುತ್ತಾರೆ. ಹಗ್ಗದಲ್ಲಿ ಒಂದು ಪುಟ್ಟ ಸುರುಳಿ ಮಾಡಿ. ತುದಿಯನ್ನು ಅದರ ಕೆಳಗಿನಿಂದ ಮೇಲಕ್ಕೆ ತನ್ನಿ. ಭಾರ ಹೊರುವ ಎಳೆಯ ಹಿಂದಿನಿಂದ, ನಿಧಾನವಾಗಿ, ಒಂದು ಬಳಸು. ಮತ್ತೆ ಬಂದ ದಾರಿಯಲ್ಲೇ ಸುರುಳಿಯೊಳಕ್ಕೆ. ಸ್ಕೌಟ್ ಮಕ್ಕಳಿಗೆ ಇದನ್ನು ಮೊಲದ ಕಥೆಯಾಗಿ ಕಲಿಸುತ್ತಾರೆ: ಬಿಲದಿಂದ ಹೊರಬಂತು, ಮರ ಸುತ್ತಿತು, ಬಿಲ ಸೇರಿತು. ಈಗ ಎಳೆಯಿರಿ. ಎಳೆಗಳು ಒಂದನ್ನೊಂದು ಒತ್ತಿ, ಅಪ್ಪಿ, ದುಂಡಗೆ ಕೂತುಬಿಡುವ ಆ ಕ್ಷಣ ಬೆರಳಿಗೇ ಗೊತ್ತಾಗುತ್ತದೆ. ಕ್ವಿಂಟಲ್ ಭಾರ ಜಗ್ಗಿಸಿ ಇಳಿಸಿದ ಮೇಲೂ ಬೆನ್ನಿನ ಮಡಿಕೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ನೂಕಿದರೆ ಸಾಕು, ಗಂಟು ಮುನಿಸಿಲ್ಲದೆ ಸಡಿಲಗೊಳ್ಳುತ್ತದೆ. ಕ್ಲಿಫರ್ಡ್ ಆ್ಯಶ್ಲಿ 1944ರಲ್ಲಿ ಹೊರತಂದ ಗಂಟುಗಳ ಮಹಾಕೋಶದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಇದರದ್ದು 1010ನೆಯ ಸಂಖ್ಯೆ. ನನ್ನ ಪಟ್ಟಿಯಲ್ಲಿ ಮಾತ್ರ ಮೊದಲನೆಯದು.

ಬಾಳೆಗೂ ಇದೇ ಗಂಟು ಸಲ್ಲುತ್ತದೆ. ಕಮಲಾಪುರದ ಕೆಂಬಾಳೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕೆಂಪು ಸಿಪ್ಪೆಯ ಘಮಘಮ ಹಣ್ಣು, ಎತ್ತರದ ಗಿಡದಲ್ಲಿ ತೂಗುವ ಫಲ. ಗೊನೆ ಭಾರವಾದಂತೆ ಗಿಡ ವಾಲುತ್ತದೆ, ಹಗ್ಗದ ಆಸರೆ ಬೇಡುತ್ತದೆ. ಬಾಳೆಯ ದಿಂಡೋ ನೀರು ತುಂಬಿದ ಮೆದುಮೈ. ಉರುಳು ಹಾಕಿದರೆ ಹಗ್ಗ ಒಳಕ್ಕೆ ಕೊಯ್ದುಕೊಂಡು ಹೋಗುತ್ತದೆ. ಬಿಗಿಯದ ಕುಣಿಕೆ ಹಾಕಿದರೆ ಗಾಳಿಗೆ ಗಿಡ ತೂಗಾಡುತ್ತದೆ, ಗಾಯವಾಗುವುದಿಲ್ಲ.

ಅಲ್ಲಿಂದ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬನ್ನಿ. ಡಿಸೆಂಬರ್ ಕಳೆದು ಹೊಸ ತೊಗರಿ ಬರುವ ಕಾಲದಲ್ಲಿ ಲಾರಿಗೆ ಚೀಲ ಪೇರಿಸಿ ಹಗ್ಗ ಬಿಗಿಯುವುದನ್ನು ನಿಂತು ನೋಡಬೇಕು. ಹಗ್ಗದ ನಡುವೆ ಒಂದು ಕುಣಿಕೆ ತಿರುವುತ್ತಾರೆ, ತುದಿಯನ್ನು ಲಾರಿಯ ಕೊಕ್ಕೆಗೆ ಸುತ್ತಿಸಿ ಅದೇ ಕುಣಿಕೆಯಲ್ಲಿ ತೂರಿಸುತ್ತಾರೆ, ಕಾಲು ಊರಿ ಕೆಳಕ್ಕೆ ಜಗ್ಗುತ್ತಾರೆ. ಕಾಗದದ ಲೆಕ್ಕಕ್ಕೆ ಒಂದಾಳಿನ ಬಲ ಮೂರಾಳಿನದಾಯಿತು. ಅದರಲ್ಲಿ ಉಜ್ಜಾಟಕ್ಕೆ ಒಂದಿಷ್ಟು ಸೋರುತ್ತದೆ. ಆದರೆ ಆ ಉಜ್ಜಾಟವೇ ಎಲ್ಲ ಗಂಟಿನ ಜೀವಾಳ. ಗೂಟಕ್ಕೆ ಹಾಕುವ ಒಂದು ಸುತ್ತು ಹಿಡಿತವನ್ನು 6 ಪಟ್ಟು ಮಾಡಿದರೆ ಎರಡನೆಯ ಸುತ್ತು 36 ಪಟ್ಟು ಮಾಡುತ್ತದೆ. 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಬರೆದಿಟ್ಟ ಲೆಕ್ಕ ಇದು. ಹಮಾಲರಿಗೆ ಅಂಗೈಯೇ ಹೇಳಿಕೊಟ್ಟಿದೆ.

ಹಗ್ಗದ ಮೈಯೂ ಮುಖ್ಯ. ಪುಂಡಿ ಸೊಪ್ಪನ್ನು ಪಲ್ಯ ಮಾಡಿ ಉಂಡು, ಬಲಿತ ದಂಟನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ಹೊಸೆದ ಹಗ್ಗಕ್ಕೆ ಒರಟು ತುಪ್ಪುಳಿರುತ್ತದೆ. ಗಂಟು ಹಾಕಿದ ಕೂಡಲೇ ಕಚ್ಚಿ ಹಿಡಿಯುತ್ತದೆ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಮುಂದೆ ಹೋದರೆ ಸಿಗುವ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಶರಣ ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರಿಯೇ ದಾಸೋಹ ನಡೆಸಿದ. ಈಗಿನ ನೈಲಾನಿಗೆ ನುಣುಪು ಹೆಚ್ಚು, ನಂಬಿಕೆ ಕಡಿಮೆ. ಭಾರವಿಲ್ಲದೆ ಅಲುಗಾಡಿದರೆ ಬೋಲೈನ್ ಕೂಡ ಅದರಲ್ಲಿ ಸಡಿಲಬಹುದು. ಅದಕ್ಕೆ ಇನ್ನೊಂದು ಸುತ್ತು ಕೊಡಿ, ಬಾಲವನ್ನು ಹಗ್ಗದ ದಪ್ಪದ ಹತ್ತು ಹನ್ನೆರಡು ಪಟ್ಟಾದರೂ ಉಳಿಸಿ.

ಕಲಿಯುವುದಾದರೆ ಒಂದು ಸಲಕ್ಕೆ ಒಂದೇ ಗಂಟು. ಎಳೆಗಳು ಒಂದರ ಮೇಲೊಂದು ಹತ್ತದಂತೆ ಓರಣ ಮಾಡಿ, ಪ್ರತಿ ಎಳೆಯನ್ನೂ ಬೇರೆಬೇರೆಯಾಗಿ ಬಿಗಿಮಾಡಿ, ಆಮೇಲೆ ಭಾರ ಬಿಡಿ. ಕಣ್ಣು ಮುಚ್ಚಿ ಕಟ್ಟಿ, ಬೆನ್ನ ಹಿಂದೆ ಕಟ್ಟಿ, ಹಗ್ಗ ತೋಯಿಸಿ ಕಟ್ಟಿ. ಕಂಬ ಎಡಕ್ಕಿದ್ದರೂ ಬಲಕ್ಕಿದ್ದರೂ ಕೈ ತಡವರಿಸದಿದ್ದರೆ ಗಂಟು ನಿಮ್ಮದಾಯಿತು. ಸ್ಕೌಟಿನಲ್ಲಿ ಮೊದಲು ಕಲಿಸುವ ರೀಫ್ ಗಂಟು ಮಟ್ಟಸವಾಗಿ ಮಲಗುವ ಚೆಲುವೆ. ಗಾಯದ ಪಟ್ಟಿಗೆ ಬಲು ಸೊಗಸು. ಎರಡು ಹಗ್ಗ ಜೋಡಿಸಿ ಭಾರ ಹೊರಿಸಲು ಮಾತ್ರ ಅದನ್ನು ನೆಚ್ಚಬೇಡಿ. ಅಲ್ಲಿಗೆ ನೇಕಾರರ ಗಂಟೇ ಬೇಕು. ಮಗ್ಗದಲ್ಲಿ ಕಡಿದ ನೂಲನ್ನು ಹಣಿಗೆಯ ಸಂದಿಯಲ್ಲಿ ನುಸುಳುವಷ್ಟು ಸಣ್ಣದಾಗಿ ಬೆಸೆಯುವ ಈ ಗಂಟನ್ನು ಬಿಡಿಸಿ ನೋಡಿ: ಒಳಗಿನ ಹೆಣಿಗೆ ಅದೇ ಬೋಲೈನಿನದು! ಎತ್ತಿನ ಕೊರಳೂ ರೇಷ್ಮೆಯ ಎಳೆಯೂ ಒಂದೇ ಬಳಸಿಗೆ ಒಪ್ಪಿಕೊಂಡಿವೆ.

ಇನ್ನು ಹೂ ಕಟ್ಟುವ ಗಂಟು. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಗೆ ಹೋದಾಗ ಹೂ ಕಟ್ಟುವವರ ಬೆರಳು ನೋಡಿ. ಎರಡೆರಡು ಮೊಗ್ಗು ಎದುರುಬದುರಿಟ್ಟು, ದಾರವನ್ನು ಬೆರಳ ಮೇಲೆ ತಿರುವಿ, ಆ ಪುಟ್ಟ ಕುಣಿಕೆಯನ್ನು ತೊಟ್ಟಿನ ಮೇಲೆ ಜಾರಿಸಿ ಮೆಲ್ಲಗೆ ಎಳೆಯುತ್ತಾರೆ. ತೊಟ್ಟು ಕಡಿಯಬಾರದು, ಮೊಗ್ಗು ಜಾರಬಾರದು. ನಾನು ನೋಡುತ್ತಲೇ ನಿಂತಿರುತ್ತೇನೆ, ಕೊನೆಗೆ ಹೂವಿನಾಕೆಯೇ ತಲೆಯೆತ್ತಿ, “ಎಷ್ಟು ಮೊಳ ಬೇಕ್ರೀ ಅಣ್ಣಾರ?” ಎನ್ನುತ್ತಾಳೆ.