ಮೇಣದಬತ್ತಿ ಆರಿದ ಮೇಲೆ

ಬಣಕಲ್‌ನ ಶಾಲೆಯೊಂದರ ಏಳನೇ ತರಗತಿ. ಹೊರಗೆ ಜಡಿಮಳೆ. ಅಭ್ಯಾಸ ಬೋಧನೆಗೆ ಬಂದಿದ್ದ ಪ್ರಶಿಕ್ಷಣಾರ್ಥಿ ತಟ್ಟೆಗೆ ನೀರು ಸುರಿದು, ನಡುವೆ ಮೇಣದಬತ್ತಿ ಹಚ್ಚಿ, ಗಾಜಿನ ಲೋಟವನ್ನು ಬೋರಲು ಹಾಕಿದರು. ಬತ್ತಿ ಆರಿತು, ನೀರು ಲೋಟದೊಳಕ್ಕೆ ಏರಿತು. ಮಕ್ಕಳು ಎದ್ದು ಬಂದು ಮೇಜನ್ನು ಮುತ್ತಿಕೊಂಡರು. "ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ಅದು ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು" ಎಂದರು ಮೇಡಂ. ಎಲ್ಲರೂ ಬರೆದುಕೊಂಡರು.

ಪಾಠ ಚೆನ್ನಾಗಿತ್ತು, ವಿವರಣೆ ತಪ್ಪಾಗಿತ್ತು. ಬತ್ತಿ ಆರಿದ ಮೇಲೂ ಲೋಟದೊಳಗೆ ಆಮ್ಲಜನಕ ಸಾಕಷ್ಟು ಉಳಿದಿರುತ್ತದೆ. ಉರಿದದ್ದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿರುತ್ತದೆ. ನೀರು ಏರುವುದಕ್ಕೆ ಮುಖ್ಯ ಕಾರಣ ಬಿಸಿ. ಉರಿಯ ಸುತ್ತ ಹಿಗ್ಗಿದ ಗಾಳಿ ಲೋಟದೊಳಗೆ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಗಮನಿಸಿದರೆ ನೀರು ಹೆಚ್ಚಾಗಿ ಏರುವುದು ಬತ್ತಿ ಆರಿದ ಮೇಲೆಯೇ.

ಚಟುವಟಿಕೆ ಆಧಾರಿತ ಕಲಿಕೆಯ ಬಗ್ಗೆ ಹಗುರಾಗಿ ಮಾತಾಡುವವನಲ್ಲ ನಾನು. ರಿಷಿವ್ಯಾಲಿ ಶಾಲೆಯ ಪ್ರೇರಣೆಯಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳ ಪುಟ್ಟ ಮಕ್ಕಳಿಗೆ ಭಯವಿಲ್ಲದೆ ಕಲಿಯುವ ದಾರಿ ತೋರಿತು. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಇವೆಲ್ಲ ದೊಡ್ಡ ಗಳಿಕೆಗಳು. ಆದರೆ ಶಿಕ್ಷಕರ ತರಬೇತಿಯಲ್ಲಿ ನಾವು ಪಾಠಯೋಜನೆ, ಪಾಠೋಪಕರಣ, ಮಕ್ಕಳ ಪಾಲ್ಗೊಳ್ಳುವಿಕೆಗೆ ಅಂಕ ಕೊಡುತ್ತೇವೆ. ಹೇಳಿದ ಕಾರಣ ನಿಜವೇ ಎಂದು ಕೇಳುವುದು ಅಪರೂಪ. ಕೈ ಕೆಲಸದಲ್ಲಿದ್ದರೆ ತಲೆಯೂ ಕೆಲಸದಲ್ಲಿದೆ ಎಂದುಕೊಂಡುಬಿಡುತ್ತೇವೆ.

ತಪ್ಪು ಕಲ್ಪನೆ ಖಾಲಿ ಜಾಗವಲ್ಲ, ಬೇರು ಬಿಟ್ಟ ಗಿಡ. ಕಾಫಿ ನಾಡಿನಲ್ಲಿ ಗೊಬ್ಬರವೆಂದರೆ ಗಿಡದ ಊಟ. ಅದೇ ಮಾತು ಕೇಳಿ ಬೆಳೆದವರು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಮರಗಸಿಯಲ್ಲಿ ನೆರಳಿನ ಮರಗಳನ್ನು ಸವರಿದಾಗ ರಾಶಿ ಬೀಳುವ ರೆಂಬೆಗಳ ತೂಕ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ "ಮಣ್ಣಿನಿಂದ" ಎನ್ನುತ್ತಾರೆ. ಗೊಬ್ಬರ ಬೇಕು, ನಿಜ. ಆದರೆ ಒಣಗಿದ ಸೌದೆಯ ತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಬಂದದ್ದು.

ಮಾಡಿ ನೋಡಿದರೆ ಸಾಕು, ಸತ್ಯ ತಾನಾಗಿ ತಿಳಿಯುತ್ತದೆ ಎನ್ನುವವರು ವಾನ್ ಹೆಲ್ಮಾಂಟ್‌ನನ್ನು ನೆನೆಯಬೇಕು. ಹದಿನೇಳನೇ ಶತಮಾನದ ಆ ವಿಜ್ಞಾನಿ ತೂಗಿಟ್ಟ ಮಣ್ಣಿನಲ್ಲಿ ವಿಲೋ ಸಸಿ ನೆಟ್ಟು 5 ವರ್ಷ ನೀರೆರೆದ. ಸಸಿ 5 ಪೌಂಡಿನಿಂದ 169 ಪೌಂಡಿಗೆ ಬೆಳೆಯಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಮಣ್ಣೇ ಮರವಾಗುತ್ತದೆಂಬ ನಂಬಿಕೆಯನ್ನು ಆ ಪ್ರಯೋಗ ಮುರಿಯಿತು. ಆದರೂ ಅವನು ಮರವೆಲ್ಲ ನೀರಿನಿಂದಾಯಿತು ಎಂದ. ಗಾಳಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪ್ರಯೋಗ ಉತ್ತರ ಕೊಡುವುದು ನಾವು ಕೇಳಿದ ಪ್ರಶ್ನೆಗೆ ಮಾತ್ರ.

ಹಾಗಾಗಿ ಪ್ರಶಿಕ್ಷಣಾರ್ಥಿಗಳ ಕೈಗೆ ಉಪಕರಣ ಕೊಡುವ ಮೊದಲು ಏನಾಗುತ್ತದೆ, ಯಾಕೆ ಎಂದು ಬರೆಸಬೇಕು. ಬರೆದದ್ದರ ಮೇಲೆ ಅವರವರಲ್ಲೇ ವಾದ ನಡೆಯಬೇಕು. ಆಮೇಲೆ ಒಂದನ್ನು ಮಾತ್ರ ಬದಲಿಸಿ ಮತ್ತೆ ಮಾಡಬೇಕು. ಇದಕ್ಕೆ ಹೊಸ ಖರ್ಚಿಲ್ಲ, ಒಂದು ಪೀರಿಯಡ್ ಹೆಚ್ಚು ಬೇಕಾದೀತು.

ಅದೇ ಮೇಡಂ ಮರುದಿನ ಒಂದರ ಬದಲು ಮೂರು ಬತ್ತಿ ಹಚ್ಚಿದರು. ಲೋಟ ಅದೇ, ಅದರೊಳಗಿನ ಆಮ್ಲಜನಕವೂ ಅಷ್ಟೇ. ಅವರು ಹೇಳಿದ ಕಾರಣ ನಿಜವಾದರೆ ನೀರು ನಿನ್ನೆಯಷ್ಟೇ ಏರಬೇಕು. ಮಕ್ಕಳು ಊಹೆ ಬರೆದರು, ಅವರೂ ಬರೆದರು. ನೀರು ನಿನ್ನೆಯ ಗೆರೆ ದಾಟಿ ಮೇಲೇರಿತು. ಅವರು ತಮ್ಮ ಹಾಳೆಯನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು, "ನಂದೂ ತಪ್ಪಾಯ್ತು ನೋಡ್ರಿ. ಹಂಗಾದ್ರೆ ನೀರು ಯಾಕೆ ಏರ್ತು?" ಎಂದರು. ಆ ವಾರ ನಾನು ಕಂಡ ನಿಜವಾದ ವಿಜ್ಞಾನದ ಪಾಠ ಶುರುವಾದದ್ದು ಆ ಪ್ರಶ್ನೆಯಿಂದ.